ದರ ಏರಿದ ವರ್ಷ

ನನ್ನ ತಮ್ಮ ಬೆಟ್ಟಸ್ವಾಮಿಗೆ ದುಡ್ಡಿನ ಆಸೆ ಹೆಚ್ಚಾಯಿತು ಎಂದು ತಿಪಟೂರಿನಲ್ಲಿ ಈಗ ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವುದು ನನ್ನಿಂದಾಗದು. ಆದರೆ ಅವನ ಜೊತೆ ಒಂದೇ ಸೂರಿನಡಿ ಬಾಳುತ್ತಿರುವ ಅಕ್ಕ ನಾನು. ಅವನಿಗಿದ್ದ ಆಸೆ ಯಾವುದೆಂದು ನನಗೆ ಗೊತ್ತು. ಸತ್ತ ಮೇಲೆ ಹೆಂಡತಿಯ ಪಕ್ಕದಲ್ಲಿ ಕೂರಬೇಕು ಎನ್ನುವುದೊಂದೇ.

ಕೂರುವುದು ಎಂದೆ, ಮಲಗುವುದು ಎನ್ನಲಿಲ್ಲ. ನಮ್ಮಲ್ಲಿ ಹೋದವರನ್ನು ಸುಡುವುದಿಲ್ಲ. ಮೈಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಚಕ್ಕಳಮಕ್ಕಳ ಹಾಕಿಸಿ ಮಣ್ಣಿನೊಳಗೆ ಕೂರಿಸುತ್ತೇವೆ. ನಮ್ಮ ಮನೆತನದಲ್ಲಿ ಅದು ಸ್ವಂತ ತೋಟದಲ್ಲೇ ಆಗಬೇಕು, ಗಂಡ ಹೆಂಡತಿ ಅಕ್ಕಪಕ್ಕದಲ್ಲೇ ಇರಬೇಕು. ಶೆಟ್ಟಿಕೆರೆ ದಾರಿಯ ನಮ್ಮ ತೆಂಗಿನ ತೋಟದಲ್ಲಿ ಅಪ್ಪ ಅವ್ವ ಹಾಗೆ ಜೋಡಿಯಾಗಿ ಕೂತಿದ್ದಾರೆ. ಅವರಿಂದ ಸ್ವಲ್ಪ ಈಚೆಗೆ ಬೆಟ್ಟಸ್ವಾಮಿಯ ಹೆಂಡತಿ ದ್ರಾಕ್ಷಾಯಣಮ್ಮ ಒಬ್ಬಳೇ ಇದ್ದಾಳೆ. ಅವಳ ಎಡಕ್ಕೆ ಒಂದಾಳು ಕೂರುವಷ್ಟು ಜಾಗ ಬಿಟ್ಟಿದ್ದೆವು. ಅವರಿಗೆ ಮಕ್ಕಳಾಗಲಿಲ್ಲ. ಒಬ್ಬರಿಗೊಬ್ಬರು ಎಂದೇ ಬದುಕಿದವರು ಅವರು. ಅವಳು ಹೋದ ಮೇಲೆ ನಾನು ಪೆನ್ಷನ್ ಪುಸ್ತಕ, ಎರಡು ಟ್ರಂಕು ಹೊತ್ತುಕೊಂಡು ಇವನಿಗೆ ಮುದ್ದೆ ತಿರುವಿ ಹಾಕಲು ಬಂದೆ.

ಅವಳು ಹೋದಾಗ ಮನೆ ಇನ್ನೂ ಒಂದಾಗಿತ್ತು. ಎರಡು ವರ್ಷಕ್ಕೆ ಭಾಗವಾಯಿತು. ಹಿರಿಯರು ಎನಿಸಿಕೊಂಡ ನಾಲ್ಕು ಜನ ಕೂತು, ತಕರಾರು ಬೇಡವೆಂದು ಚೀಟಿ ಎತ್ತಿಸಿದರು. ಮಾರ್ಕೆಟ್ಟಿನ ಕೊಬ್ಬರಿ ಮಂಡಿ ಮತ್ತು ಪೇಟೆಯ ಮನೆ ಬೆಟ್ಟಸ್ವಾಮಿಗೆ ಬಂದವು. ತೋಟ ಕಿರಿಯವನಾದ ರೇಣುಕಪ್ರಸಾದನಿಗೆ ಹೋಯಿತು. ಹೆಂಡತಿ ಕೂತಿರುವ ನೆಲ ತಮ್ಮನ ಪಾಲಿಗೆ ಹೋದದ್ದನ್ನು ಕೇಳಿ ಬೆಟ್ಟಸ್ವಾಮಿ ಅಲ್ಲೇ ಜಗುಲಿಯ ಮೇಲೆ ಬೆವರತೊಡಗಿದ. ಅದಲು ಬದಲು ಮಾಡಿಕೊಳ್ಳೋಣ ಎಂದು ನಾನೇ ಬಾಯಿಬಿಟ್ಟು ಕೇಳಿದೆ. ರೇಣುಕನಿಗೆ ಮಂಡಿ ವ್ಯಾಪಾರ ಬರುತ್ತಿರಲಿಲ್ಲ, ಕಿಬ್ಬನಹಳ್ಳಿ ಹತ್ತಿರ ನಾರಿನ ಫ್ಯಾಕ್ಟರಿ ಹಾಕುವ ಹುಮ್ಮಸ್ಸಿನಲ್ಲಿದ್ದ. ಬ್ಯಾಂಕಿನವರು ಸಾಲ ಕೊಡುವುದು ತೋಟ ನೋಡಿಯೇ, ಹಾಗಾಗಿ ಒಪ್ಪಲಿಲ್ಲ.

"ಅಣ್ಣ, ಮಾರೋ ದಿನ ಅಂತ ಬಂದ್ರೆ ನಿಂಗೇ ಮೊದ್ಲು ಹೇಳ್ತೀನಿ. ಅತ್ತಿಗೆ ಇರೋ ಜಾಗ ಬೇರೆಯೋರಿಗೆ ಯಾಕೆ ಕೊಡ್ಲಿ, ಬುಡು," ಎಂದ ರೇಣುಕ. ಮನಸ್ಸಿನಿಂದಲೇ ಹೇಳಿದ. ಅವನು ಕೆಟ್ಟವನಲ್ಲ.

ಆ ದಿನಕ್ಕೆಂದೇ ಬೆಟ್ಟಸ್ವಾಮಿ ಮಂಡಿ ಮಾರಿ ದುಡ್ಡು ತೆಗೆದಿಟ್ಟ. ಕೊರೋನಾ ಕಾಲ ಅದು, ಬ್ಯಾಂಕಿನಲ್ಲಿ ಠೇವಣಿಗೆ ಬಡ್ಡಿ ನೆಲಕಚ್ಚಿತ್ತು. ಆಗ ಬ್ಯಾಂಕಿನಲ್ಲಿದ್ದ ಅಧಿಕಾರಿಯೊಬ್ಬ ಸರ್ಕಾರದ ಬಾಂಡು ತೆಗೆದುಕೊಳ್ಳಿ ಎಂದ. ಸರ್ಕಾರಕ್ಕೆ ನಾವು ಸಾಲ ಕೊಟ್ಟ ಹಾಗೆ, ಅವರು ಆರು ತಿಂಗಳಿಗೊಮ್ಮೆ ಗೊತ್ತಾದ ಬಡ್ಡಿ ಹಾಕುತ್ತಾರೆ, ಅವಧಿ ಮುಗಿದಾಗ ಅಸಲು ಹಿಂದಿರುಗಿಸುತ್ತಾರೆ. ಅವಧಿ ಉದ್ದವಿದ್ದಷ್ಟೂ ಬಡ್ಡಿ ಒಂದಿಷ್ಟು ಜಾಸ್ತಿ. ನನ್ನ ತಮ್ಮ ಇದ್ದುದರಲ್ಲೇ ಉದ್ದದ್ದನ್ನು ಆರಿಸಿದ, ನಲವತ್ತು ವರ್ಷದ್ದು. ನಡುವೆ ಬೇಕೆಂದರೆ ಮಾರಬಹುದೇ ಎಂದು ಮಾತ್ರ ಕೇಳಿದ.

"ಯಾವತ್ತು ಬೇಕಾದ್ರೂ ಮಾರಬಹುದು ಸಾರ್, ಅವತ್ತಿನ ಮಾರ್ಕೆಟ್ ರೇಟಿಗೆ," ಎಂದನಂತೆ.

ಮಾರ್ಕೆಟ್ಟು, ರೇಟು. ಈ ಎರಡು ಮಾತು ಕೇಳಿದ ಮೇಲೆ ತಿಪಟೂರಿನ ಕೊಬ್ಬರಿ ವರ್ತಕ ಇನ್ನೇನು ಕೇಳುತ್ತಾನೆ? ಹುಟ್ಟಿದಾಗಿನಿಂದ ಅವನ ಕಿವಿಗೆ ಬಿದ್ದದ್ದೇ ಅದು. ಆರು ತಿಂಗಳಿಗೊಮ್ಮೆ ಬಂದ ಬಡ್ಡಿಯನ್ನು ದ್ರಾಕ್ಷಾಯಣಮ್ಮನ ಹೆಸರಿನಲ್ಲಿ ಮಠದ ದಾಸೋಹಕ್ಕೆ ಕೊಟ್ಟು ಬರುತ್ತಿದ್ದ. ಅಸಲು ತೋಟಕ್ಕೆ, ಅದನ್ನು ಮುಟ್ಟುವ ಹಾಗಿರಲಿಲ್ಲ.

ಎರಡು ಸಾವಿರದ ಇಪ್ಪತ್ತೆರಡರ ಮೇ ತಿಂಗಳು. ಮಧ್ಯಾಹ್ನ ಊಟವಾಗಿ ನಾನು ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆ. ಟಿವಿಯಲ್ಲಿ ಹುಡುಗಿಯೊಬ್ಬಳು ಕೂಗುತ್ತಿದ್ದಳು: ರಿಸರ್ವ್ ಬ್ಯಾಂಕು ಬಡ್ಡಿ ದರ ಏರಿಸಿದೆ. ಕೆಳಗೆ ಕೆಂಪು ಪಟ್ಟಿಯಲ್ಲೂ ಅದೇ ಓಡುತ್ತಿತ್ತು, ದರ ಏರಿಕೆ, ದರ ಏರಿಕೆ.

"ಅಕ್ಕಾ, ಕೇಳಿದ್ಯಾ? ನಮ್ದು ಏರ್ತು!" ಎಂದು ಬೆಟ್ಟಸ್ವಾಮಿ ಎದ್ದು ನಿಂತ.

"ನಮ್ದು ಅಂದ್ರೆ?"

"ಬಾಂಡು ಕಣಕ್ಕ. ಬಡ್ಡಿ ಪತ್ರ ತಾನೇ ಅದು? ಬಡ್ಡಿ ರೇಟು ಏರ್ತು ಅಂದ್ರೆ ಅದ್ರ ರೇಟೂ ಏರ್ತು ಅಂತ."

ನನಗೂ ಸರಿ ಎನಿಸಿತು. ಮೂವತ್ತು ವರ್ಷ ಹುಡುಗಿಯರಿಗೆ ಕನ್ನಡ ಪಾಠ ಹೇಳಿದವಳು ನಾನು. ದರ ಎಂದರೆ ಬೆಲೆ ಎಂದೇ ಅರ್ಥ ಬರೆಸಿದ್ದೇನೆ. ಕೊಬ್ಬರಿ ದರ, ಅಕ್ಕಿ ದರ, ಚಿನ್ನದ ದರ. ನಮ್ಮೂರಿನಲ್ಲಂತೂ ದರ ಏರಿತು ಎನ್ನುವುದು ಮಂಗಳವಾರ್ತೆ. ಹರಾಜಿನ ದಿನ ರೇಟು ಏರಿತೆಂದರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದೋಸೆ ಮುಗಿದುಹೋಗುತ್ತದೆ, ಬಟ್ಟೆ ಅಂಗಡಿಯವನ ಮುಖ ಅರಳುತ್ತದೆ. ಸಾಲದ ಬಡ್ಡಿಗೂ ಅದೇ ಪದ, ಸರಕಿನ ಬೆಲೆಗೂ ಅದೇ ಪದ. ಬೇರೆ ಮಾತು ಹುಡುಕಲು ಟಿವಿಯವರಿಗೆ ಏನು ಬಂದಿತ್ತು ಎಂದು ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಆವತ್ತು ಮಾತ್ರ ಬೆಟ್ಟಸ್ವಾಮಿ ಅರ್ಧ ಕೆಜಿ ಕೊಬ್ಬರಿ ಮಿಠಾಯಿ ತಂದ, ಇಬ್ಬರೂ ತಿಂದೆವು.

ಅದಾದ ಸ್ವಲ್ಪ ದಿನಕ್ಕೇ ರೇಣುಕ ಬಂದ. ಗಡ್ಡ ಬಿಟ್ಟಿದ್ದ, ಕಣ್ಣು ಒಳಕ್ಕೆ ಹೋಗಿದ್ದವು. ನಾರು ಕೇಳುವವರಿರಲಿಲ್ಲ, ಕೊಬ್ಬರಿಯೂ ವಾರ ವಾರ ಇಳಿಯುತ್ತಿತ್ತು. ಕಾಫಿ ಲೋಟ ಕೆಳಗಿಟ್ಟು ಹೇಳಿದ: "ಅಣ್ಣ, ತೋಟ ತಗೊಂಬುಡು. ನನ್ ಕೈಲಿ ಕಂತು ಕಟ್ಟೋಕೆ ಆಗ್ತಿಲ್ಲ."

ಅವನು ಕೇಳಿದ ಬೆಲೆಗೂ ಬೆಟ್ಟಸ್ವಾಮಿಯ ಅಸಲಿಗೂ ಹೆಚ್ಚು ಕಡಿಮೆ ಸರಿಹೊಂದುತ್ತಿತ್ತು. ಆವತ್ತೇ ಹೂಂ ಎಂದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಬೆಟ್ಟಸ್ವಾಮಿಯ ತಲೆಯಲ್ಲಿ ಇನ್ನೊಂದು ಯೋಚನೆ ಹೊಕ್ಕಿತ್ತು. ದ್ರಾಕ್ಷಾಯಣಮ್ಮನ ಮೇಲಿದ್ದದ್ದು ಬರೀ ಮಣ್ಣಿನ ದಿಬ್ಬ. ಪ್ರತಿ ಮಳೆಗಾಲಕ್ಕೂ ಕರಗುತ್ತಿತ್ತು, ಇವನು ಹೋಗಿ ಹೊಸ ಮಣ್ಣು ಹಾಕಿ ಬರುತ್ತಿದ್ದ. ತುರುವೇಕೆರೆ ಕಡೆಯ ಕಲ್ಲು ಕೆಲಸದವರ ಹತ್ತಿರ ಜೋಡಿ ಗದ್ದುಗೆ ಕೆತ್ತಿಸಬೇಕು, ಒಂದು ಅವಳ ಮೇಲೆ, ಇನ್ನೊಂದು ತನ್ನ ಮೇಲೆ ಕೂರಿಸುವುದಕ್ಕೆ. ಅದಕ್ಕೆ ಅಸಲಿನ ಮೇಲೆ ಒಂದಿಷ್ಟು ಬೇಕಾಗಿತ್ತು. ರೇಟು ಏರುತ್ತಿರುವಾಗ ಮಾಲು ಕೈಬಿಡಬಾರದು ಎನ್ನುವುದನ್ನು ಅವನು ಮಂಡಿಯ ಗಾದಿಯ ಮೇಲೆ ಕೂತು ಕಲಿತಿದ್ದ.

"ಸ್ವಲ್ಪ ತಡ್ಕೊಳ್ಳಪ್ಪ. ಈಗ ಏರೋಕೆ ಶುರುವಾಗೈತೆ," ಎಂದ.

ಏನು ಏರುತ್ತಿದೆ ಎಂದು ರೇಣುಕನೂ ಕೇಳಲಿಲ್ಲ. ಅಣ್ಣನ ವ್ಯವಹಾರ ಅಣ್ಣನಿಗೆ ಗೊತ್ತು ಎಂದುಕೊಂಡು ಹೋದ.

ಜೂನ್‌ನಲ್ಲಿ ಮತ್ತೆ ದರ ಏರಿತು. ಶ್ರಾವಣದ ಒಂದು ಶುಕ್ರವಾರ, ನಾನು ಲಕ್ಷ್ಮಿ ಕೂರಿಸಿ ಕಳಶಕ್ಕೆ ಸೀರೆ ಉಡಿಸುತ್ತಿದ್ದೆ, ಆವತ್ತೂ ಏರಿತು. ಮನೆಗೆ ಲಕ್ಷ್ಮಿಯೇ ಬಂದ ಹಾಗಾಯಿತು ಎಂದು ಬೆಟ್ಟಸ್ವಾಮಿ ಕಳಶಕ್ಕೆ ಅಡ್ಡಬಿದ್ದ. ಆ ವರ್ಷ ಮಳೆಯೂ ಧಾರಾಳ, ಕೆರೆಗಳೆಲ್ಲ ಕೋಡಿ ಬಿದ್ದಿದ್ದವು. ತೋಟಕ್ಕೆ ಹೋಗಿ ಬಂದರೆ ಅವನ ಕಾಲೆಲ್ಲ ಕೆಸರು. "ಇನ್ನೊಂದ್ ಸ್ವಲ್ಪ ದಿನ ಕಣೇ, ಕಲ್ಲಿನ ಮನೆ ಕಟ್ಟುಸ್ತೀನಿ ನಿಂಗೆ," ಎಂದು ಅವಳಿಗೆ ಹೇಳಿ ಬಂದೆ ಎನ್ನುತ್ತಿದ್ದ. ಅರವತ್ತು ದಾಟಿದ ಗಂಡಸು, ಹೊಸದಾಗಿ ಮದುವೆ ಗೊತ್ತಾದವನಂತೆ ಓಡಾಡುತ್ತಿದ್ದ. ನಾನು ರೇಗಿಸುತ್ತಿದ್ದೆ. ನಗುತ್ತಿದ್ದ.

ಶ್ರಾವಣ ಕಳೆದ ಮೇಲೆ ರೇಣುಕ ಇನ್ನೊಮ್ಮೆ ಬಂದ. ಈ ಸಲ ಕೂರಲಿಲ್ಲ. ಅಮ್ಮಸಂದ್ರದ ಮೋಹನ್ ಕುಮಾರ್ ಎಂಬ ಕಂಟ್ರಾಕ್ಟರು ತೋಟ ನೋಡಿಕೊಂಡು ಹೋಗಿದ್ದಾರೆ, ಕೇಳಿದ ಬೆಲೆಗೆ ಒಪ್ಪಿದ್ದಾರೆ ಎಂದ. ಸಮಾಧಿಗಳಿರುವ ಮೂಲೆಯನ್ನು ಬಿಟ್ಟು ಮಿಕ್ಕದ್ದನ್ನು ಕೊಡು ಎಂದೆ ನಾನು.

"ರಸ್ತೆಗೆ ಇರೋದೇ ಆ ಮೂಲೆ ಕಣಕ್ಕ. ಅದನ್ನ ಬಿಟ್ರೆ ತೋಟಕ್ಕೆ ದಾರಿನೇ ಇಲ್ಲ, ಯಾರು ತಗೋತಾರೆ?" ಎಂದ. ಆಮೇಲೆ ಅಣ್ಣನ ಕಡೆ ತಿರುಗಿದ. "ಆಯುಧಪೂಜೆವರ್ಗೂ ಕಾಯ್ತೀನಿ ಅಣ್ಣ. ಅದಕ್ಕಿಂತ ಆಚೆಗೆ ನನ್ ಕೈಲಿಲ್ಲ."

ನವರಾತ್ರಿ ನಡೆದಿತ್ತು. ನಡುವೆ ಒಂದು ಶುಕ್ರವಾರ ಟಿವಿಯಲ್ಲಿ ಮತ್ತೆ ಅದೇ ಸುದ್ದಿ ಬಂತು. ನಾಲ್ಕನೇ ಸಲ. ಬೆಟ್ಟಸ್ವಾಮಿ ರೇಣುಕನಿಗೆ ಫೋನು ಮಾಡಿದ. ನಾನು ಗೊಂಬೆಗಳ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ, ಮಾತೆಲ್ಲ ಕೇಳಿಸುತ್ತಿತ್ತು.

"ಮತ್ತೆ ಏರ್ತು ಕಣ್ಲಾ ರೇಣುಕ! ಇನ್ನೂ ಏರ್ತೈತಂತೆ, ಟಿವಿನಲ್ಲೇ ಅಂದ್ರು. ದೀಪಾವಳಿವರ್ಗೂ ತಡಿ. ನೀನು ಕೇಳಿದ್ದಕ್ಕಿಂತ ಒಂದು ಲಕ್ಷ ಜಾಸ್ತಿನೇ ಕೊಡ್ತೀನಿ, ನಿನ್ ಕಷ್ಟಕ್ಕೂ ಆಯ್ತದೆ."

ರೇಣುಕ ಆಗಲಿ ಅಣ್ಣ ಎಂದು ಫೋನು ಇಟ್ಟುಬಿಟ್ಟನಂತೆ.

ಬಾಂಡಿನ ರೇಟು ಎಷ್ಟಾಗಿದೆ ಎಂದು ಕೇಳಿಯೇ ಬರೋಣ ಎಂದು ಮಾರನೇ ಬೆಳಿಗ್ಗೆ ಬೆಟ್ಟಸ್ವಾಮಿ ಇಸ್ತ್ರಿ ಪಂಚೆ ಉಟ್ಟ. ನನ್ನನ್ನೂ ಕರೆದ. ಬ್ಯಾಂಕಿನಲ್ಲಿ ಆ ಹಳೆಯ ಅಧಿಕಾರಿ ಇರಲಿಲ್ಲ, ವರ್ಗವಾಗಿ ಹೋಗಿದ್ದ. ಅವನ ಕುರ್ಚಿಯಲ್ಲಿ ನಯನ ಎಂಬ ಹುಡುಗಿ ಇದ್ದಳು. ಕಂಪ್ಯೂಟರಿನಲ್ಲಿ ನೋಡಿ, ತುಟಿ ಕಚ್ಚಿ, ಇನ್ನೊಮ್ಮೆ ನೋಡಿದಳು.

"ಸಾರ್, ಈಗ ಮಾರಿದ್ರೆ ನೂರಕ್ಕೆ ಎಂಬತ್ತೆಂಟು ಬರೋದೂ ಕಷ್ಟ," ಎಂದಳು.

"ನೂರ ಎಂಬತ್ತೆಂಟಾ?" ಎಂದ ನನ್ನ ತಮ್ಮ.

"ಅಲ್ಲ ಸಾರ್. ಎಂಬತ್ತೆಂಟು."

"ನೀವು ಸರಿಯಾಗಿ ನೋಡ್ರಮ್ಮ. ನೆನ್ನೆ ತಾನೇ ರೇಟು ಏರೈತೆ. ಮೇ ತಿಂಗಳಿಂದ ನಾಲ್ಕು ಸಲ ಏರೈತೆ."

ಆ ಹುಡುಗಿ ಒಳ್ಳೆಯವಳು. ನಗಲಿಲ್ಲ. ಕುರ್ಚಿಯನ್ನು ಈ ಕಡೆ ಎಳೆದುಕೊಂಡಳು. "ಸಾರ್, ನಿಮ್ಮ ಬಾಂಡು ನೂರು ರೂಪಾಯಿಗೆ ವರ್ಷಕ್ಕೆ ಆರೂವರೆ ಚಿಲ್ಲರೆ ಕೊಡುತ್ತೆ. ಅದು ಕಡೇವರೆಗೂ ಅಷ್ಟೇ, ಬದಲಾಗಲ್ಲ. ಈಗ ದರ ಏರಿರೋದ್ರಿಂದ ಹೊಸ ಬಾಂಡು ಏಳೂವರೆ ಕೊಡುತ್ತೆ. ಮಾರ್ಕೆಟ್ಟಲ್ಲಿ ಎರಡೂ ಪಕ್ಕಪಕ್ಕ ಇಟ್ರೆ, ನಿಮ್ಮದನ್ನ ಯಾರಾದ್ರೂ ನೂರು ಕೊಟ್ಟು ತಗೋತಾರಾ?"

ಬೆಟ್ಟಸ್ವಾಮಿ ಜೀವಮಾನವೆಲ್ಲ ಕೊಬ್ಬರಿ ರಾಶಿಗಳ ಮುಂದೆ ನಿಂತವನು, ಅವನಿಗೆ ಇದನ್ನು ಎರಡು ಸಲ ಹೇಳಬೇಕಾಗಿರಲಿಲ್ಲ.

"ಬೆಲೆ ಇಳಿಸಿದ್ರೆ ತಗೋತಾರೆ," ಎಂದ ಮೆಲ್ಲಗೆ.

"ಅದೇ ಸಾರ್ ಆಗಿರೋದು. ಬಡ್ಡಿ ದರ ಮೇಲೆ ಹೋದ್ರೆ ಹಳೇ ಬಾಂಡಿನ ಬೆಲೆ ಕೆಳಗೆ ಬರುತ್ತೆ. ಎರಡು ಮೂರು ವರ್ಷದ್ದಾಗಿದ್ರೆ ಇಷ್ಟು ಬೀಳ್ತಿರಲಿಲ್ಲ. ನಲವತ್ತು ವರ್ಷ ಕಡಿಮೆ ಬಡ್ಡಿಗೆ ಕಟ್ಟುಬೀಳೋಕೆ ಯಾರೂ ಸುಲಭವಾಗಿ ಒಪ್ಪಲ್ಲ. ಈ ವರ್ಷ ಷೇರಿನವರೂ ಹೆದರಿದ್ದಾರೆ, ಬಡ್ಡಿ ಏರಿದ್ರೆ ಎಲ್ಲ ಕಡೆ ಅಲ್ಲಾಡುತ್ತೆ."

"ಹಂಗಾದ್ರೆ ಒಂದೊಂದ್ ಸಲ ಏರ್ದಾಗ್ಲೂ ನಂದು..."

"ಇಳೀತಾ ಬಂದಿದೆ ಸಾರ್. ಆದ್ರೆ ದುಡ್ಡು ಎಲ್ಲೂ ಹೋಗಿಲ್ಲ. ಮಾರದೇ ಇಟ್ಕೊಂಡ್ರೆ ಎರಡು ಸಾವಿರದ ಅರವತ್ತಕ್ಕೆ ನಿಮ್ಮ ಅಸಲು ಪೂರ್ತಿ ಬರುತ್ತೆ."

ಬೆಟ್ಟಸ್ವಾಮಿ ನಕ್ಕುಬಿಟ್ಟ. "ಅಷ್ಟೊತ್ತಿಗೆ ನಾನು ನನ್ ಹೆಂಡ್ತಿ ಪಕ್ಕ ಕೂತು ಎಷ್ಟೋ ವರ್ಷ ಆಗಿರ್ತದೆ ಕಣಮ್ಮ."

ಆ ಹುಡುಗಿಗೆ ಅರ್ಥವಾಗಲಿಲ್ಲ. ಅವನು ಎದ್ದ, ಬಾಗಿಲ ಹತ್ತಿರ ನಿಂತು, "ಕಿಬ್ಬನಹಳ್ಳಿಗೆ ಹೋಗಾಣ ನಡಿ ಅಕ್ಕ, ಆಯುಧಪೂಜೆ ಇನ್ನೂ ಬಂದಿಲ್ಲ," ಎಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದ. ಬಾಂಡು ಬಂದಷ್ಟಕ್ಕೆ ಮಾರುವುದು, ಕಡಿಮೆ ಬಿದ್ದದ್ದಕ್ಕೆ ಮನೆ ಅಡವಿಡುವುದು. ನನ್ನ ಬಳೆ ಕೊಡುತ್ತೇನೆ ಎಂದೆ ನಾನು. ಗದ್ದುಗೆಯ ಮಾತು ಎತ್ತಲೇ ಇಲ್ಲ. ಮಣ್ಣೇ ಸಾಕಾಗಿತ್ತು ಅವನಿಗೆ.

ರೇಣುಕ ಫ್ಯಾಕ್ಟರಿಯ ಶೆಡ್ಡಿನಲ್ಲಿ ಒಬ್ಬನೇ ಕೂತಿದ್ದ. ಮಿಷನ್ನು ನಿಂತಿತ್ತು. ಅಣ್ಣ ಮಾತು ಮುಗಿಸುವವರೆಗೂ ತಲೆ ತಗ್ಗಿಸಿಕೊಂಡೇ ಕೇಳಿದ.

"ನೆನ್ನೆ ಸಂಜೆ ಅಡ್ವಾನ್ಸ್ ತಗೊಂಡೆ ಅಣ್ಣ," ಎಂದ. "ಬೆಳಿಗ್ಗೆ ಬ್ಯಾಂಕಿಗೆ ಕಟ್ಟಿ ಬಂದೆ. ಅಗ್ರಿಮೆಂಟಿಗೆ ಸೈನ್ ಹಾಕಿದ್ದೀನಿ."

"ಆಯುಧಪೂಜೆವರ್ಗೂ ಅಂದಿದ್ದೆ ನೀನು!"

"ಅಂದಿದ್ದೆ. ನೀನು ದೀಪಾವಳಿ ಅಂದೆ. ದೀಪಾವಳಿ ಬಂದ್ರೆ ಸಂಕ್ರಾಂತಿ ಅಂತೀಯ ಅನ್ಕೊಂಡೆ. ನಂದು ರಿಸರ್ವ್ ಬ್ಯಾಂಕಿನೋರು ಏರಿಸ್ದಂಗೆಲ್ಲ ಬಡ್ಡಿ ಏರೋ ಸಾಲ ಅಣ್ಣ. ನೀನು ಒಂದೊಂದ್ ಸಲ ಏರ್ತು ಏರ್ತು ಅಂತ ಖುಷಿಯಾಗಿ ಹೇಳೋವಾಗ, ಅದೇ ಬಡ್ಡಿ ಇಲ್ಲಿ ನನ್ ಕತ್ತು ಹಿಸುಕ್ತಿತ್ತು. ನೆನ್ನೆ ಫೋನಲ್ಲಿ ನೀನು ನಗ್ತಾ ಇದ್ದೆ. ನಾನು ಗೋಡೆಗೆ ತಲೆ ಕೊಟ್ಕೊಂಡು ನಿಂತಿದ್ದೆ."

ಸಿಟ್ಟು ಮಾಡಬೇಕೆಂದರೆ ಯಾರ ಮೇಲೆ ಮಾಡಲಿ? ಒಬ್ಬನಿಗೆ ಸಿಹಿ ತಿನ್ನಿಸಿದ ಸುದ್ದಿಯೇ ಇನ್ನೊಬ್ಬನ ನಿದ್ದೆ ಕೆಡಿಸಿತ್ತು. ಕಡೆಗೆ ಎರಡೂ ಮನೆ ತೊಳೆದು ಹೋದವು. ಒಂದೇ ತಾಯಿಯ ಮಕ್ಕಳು, ಎದುರುಬದುರು ಕೂತು ಅತ್ತರು. ನಾನು ಅಳಲಿಲ್ಲ. ಇಬ್ಬರ ಮೇಲೂ ರೇಗಿಕೊಂಡು ನಾರಿನ ರಾಶಿಯ ಮೇಲೆ ಕೂತಿದ್ದೆ.

ಮೋಹನ್ ಕುಮಾರ್ ಒಮ್ಮೆ ನಮ್ಮ ಮನೆಗೇ ಬಂದರು. ಮರ್ಯಾದಸ್ಥರು. ಹಣ್ಣು ತಂದಿದ್ದರು. ರೇಣುಕನೇ ಅವರನ್ನು ಕಾಡಿ ಬೇಡಿ ಕರೆತಂದಿದ್ದ. ಅಡ್ವಾನ್ಸು ವಾಪಸು ಕೊಡುತ್ತೇವೆ, ತೋಟ ಬಿಟ್ಟುಬಿಡಿ ಎಂದು ಕೇಳಿದ್ದಕ್ಕೆ ಕೈಮುಗಿದರು. ಅವರ ಮಾವನವರ ಆಸೆಯಂತೆ, ಅಲ್ಲೊಂದು ಮನೆ ಕಟ್ಟಿ ಕೊನೆಗಾಲದಲ್ಲಿ ಇರಬೇಕೆಂದು.

"ಸಮಾಧಿಗಳನ್ನ ನಾನು ಮುಟ್ಟಲ್ಲ ಯಜಮಾನ್ರೇ," ಎಂದರು. "ಸೋಮವಾರ ಬನ್ನಿ, ಹಬ್ಬಕ್ಕೆ ಬನ್ನಿ, ಪೂಜೆ ಮಾಡ್ಕೊಳ್ಳಿ. ಗೇಟಿನ ಬೀಗದ ಕೈ ಒಂದು ನಿಮ್ಮ ಹತ್ರನೇ ಇರ್ಲಿ."

ಬೆಟ್ಟಸ್ವಾಮಿ ಕೇಳಿದ: "ಅವಳ ಎಡಕ್ಕೆ ಒಂಚೂರು ಜಾಗ ಬಿಟ್ಟಿದ್ದೀವಿ. ನಂದು ಅದು."

ಮೋಹನ್ ಕುಮಾರ್ ನನ್ನ ಮುಖ ನೋಡಿದರು, ರೇಣುಕನ ಮುಖ ನೋಡಿದರು. "ಇರೋವು ಇರ್ಲಿ ಸ್ವಾಮಿ. ಹೊಸದಾಗಿ ಮಾತ್ರ ಬೇಡ. ಮಕ್ಕಳು ಮರಿ ಓಡಾಡೋ ಜಾಗ, ಮನೇಲಿ ಹೆಂಗಸರು ಒಪ್ಪಲ್ಲ. ದಯವಿಟ್ಟು ಬೇಜಾರ್ ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳಲು ಏನಿದೆ, ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆನೇನೋ. ಬೆಟ್ಟಸ್ವಾಮಿ ತಲೆಯಾಡಿಸಿ, ಅವರಿಗೆ ಕಾಫಿ ಕೊಡು ಅಕ್ಕ ಎಂದ.

ದೀಪಾವಳಿ ಕಳೆದು ರಿಜಿಸ್ಟ್ರೇಷನ್ ಆಯಿತು. ಬೇಲಿ ಹಾಕಲು ಬರುತ್ತಾರೆ ಎಂದು ಗೊತ್ತಾದ ದಿನ ಬೆಳಿಗ್ಗೆ ಇಬ್ಬರೂ ತೋಟಕ್ಕೆ ಹೋದೆವು. ನಾನು ಅಪ್ಪ ಅವ್ವನಿಗೆ ಹೂ ಏರಿಸಿ ಊದುಬತ್ತಿ ಹಚ್ಚಿ ತಿರುಗಿ ನೋಡುತ್ತೇನೆ, ಬೆಟ್ಟಸ್ವಾಮಿ ದ್ರಾಕ್ಷಾಯಣಮ್ಮನ ಎಡಕ್ಕೆ ಒದ್ದೆ ನೆಲದ ಮೇಲೆ ಕೂತಿದ್ದ. ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಕೊರಳಿನ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿದ್ದ. ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದ.

"ಏಳೋ ಬೆಟ್ಟಾ, ಏನೋ ಇದು ಅಪಶಕುನ! ಬದುಕಿರೋರು ಹಿಂಗೆ ಕೂತ್ಕೋತಾರೇನೋ?" ಎಂದು ಕೂಗಿದೆ.

ಅವನು ಕಣ್ಣು ಬಿಡಲಿಲ್ಲ.

"ಇರಕ್ಕ. ಒಂದ್ ಸ್ವಲ್ಪ ಹೊತ್ತು," ಎಂದ. "ಆಮೇಲೆ ನನ್ನನ್ನ ಇಲ್ಲಿ ಕೂರಿಸೋಕೆ ಆಗಲ್ಲ. ಈಗ್ಲೇ ಕೂತ್ಕೊಂಡು ಬತ್ತೀನಿ."

ತಂತಿ ಸುರುಳಿ ಹೊತ್ತು ಬಂದ ಆಳುಗಳು ಗೇಟಿನ ಹತ್ತಿರ ನಿಂತು ನನ್ನ ಕಡೆ ನೋಡಿದರು. ಸ್ವಲ್ಪ ತಡೀರಪ್ಪ ಎಂದು ಕೈಸನ್ನೆ ಮಾಡಿದೆ. ಅವರು ಆಚೆ ಕೂತು ಬೀಡಿ ಹಚ್ಚಿದರು.